ಗಡಿನಾಡಿನ ವರ್ತಕನೂ ಪ್ರಜಾಪ್ರತಿನಿಧಿಯೂ



ಅಮೆರಿಕದ ಇಲಿನಾಯ್ ಸೀಮೆಯಲ್ಲಿ ನ್ಯೂ ಸೇಲಂ ಎಂಬುದೊಂದು ಕುಗ್ರಾಮ. ಅಲ್ಲಿ ಅಂಗಡಿಯಿಟ್ಟು ನಷ್ಟಹೊಂದಿ ಸಾಲಗಾರನಾಗಿದ್ದ ತರುಣನೊಬ್ಬನನ್ನು 1834ರಲ್ಲಿ ಆ ಪ್ರಾಂತದ ಜನರು ಶಾಸನಸಭೆಗೆ ಆರಿಸಿದರು. ಆತನೇ ಅಬ್ರಹಾಂ ಲಿಂಕನ್. ನೆರೆಹೊರೆಯ ಕಷ್ಟಸುಖವನ್ನು ಬಲ್ಲ ವರ್ತಕನಿಗೆ ಇಂತಹ ಮನ್ನಣೆಯು ಕನ್ನಡ ನಾಡಿನಲ್ಲಿ ಎಂದು ದೊರೆಯಿತು?

ಮೈಸೂರಿನಲ್ಲಿ ದೊರೆತುದು 1881ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಸಂಸ್ಥಾನವು ಚಾಮರಾಜೇಂದ್ರ ಒಡೆಯರ ವಶಕ್ಕೆ ಮರಳಿ ಬಂದಿತು. ದಿವಾನ್ ರಂಗಾಚಾರ್ಲುರವರು ತಾಲ್ಲೂಕುಗಳಿಂದ ರೈತರನ್ನೂ, ಜಿಲ್ಲೆಗಳಿಂದ ಪ್ರಮುಖ ವರ್ತಕರನ್ನೂ ಬರಮಾಡಿಕೊಂಡು, ಅಕ್ಟೋಬರ್ 7ರಂದು ದಸರೆಯ ಸಮಯದಲ್ಲಿ 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. 1876ರಿಂದ 78ರವರೆಗಿನ ಧಾತು ಈಶ್ವರ ಕ್ಷಾಮದ ನೆನಪು ಆಗ ಮಾಸಿರಲಿಲ್ಲ. ಧಾನ್ಯವಿದ್ದ ಊರಿಗೂ ಹಸಿದ ಊರಿಗೂ ನಡುವೆ ದಾರಿ ಯಾವುದು, ಧಾರಣೆ ಯಾವುದು ಎಂಬುದನ್ನು ವರ್ತಕನಷ್ಟು ಚೆನ್ನಾಗಿ ಬಲ್ಲವರು ಯಾರು? ಆದರೆ ಆ ಸಭೆಗೆ ಅಧಿಕಾರವಿರಲಿಲ್ಲ. ದಿವಾನರ ವರದಿಯನ್ನು ಕೇಳುವುದು, ತಮ್ಮ ಕುಂದುಕೊರತೆಗಳನ್ನು ಅರಿಕೆಮಾಡುವುದು, ಇಷ್ಟೇ. ಚುನಾವಣೆಯು 1891ರಲ್ಲಿ ಬಂದಿತು. ಸಭೆಗೆ ಶಾಸನದ ಆಧಾರವು 1923ರಲ್ಲಿ ದೊರೆಯಿತು.

ಇನ್ನು ತುಂಗಭದ್ರೆಯ ಉತ್ತರಕ್ಕೆ ನೋಡೋಣ. ಕೊಪ್ಪಳ, ಯಲಬುರ್ಗಾಗಳು ನಿಜಾಮರ ಸೀಮೆಯಲ್ಲಿ ಸಾಲಾರ್ ಜಂಗರ ಜಹಗೀರು. ಗಂಗಾವತಿ, ಕುಷ್ಟಗಿಗಳೂ ಅದೇ ಹೈದರಾಬಾದು ಸಂಸ್ಥಾನದವು. ನಿಜವಾದ ಗಡಿನಾಡಿನ ವರ್ತಕನು ಇಲ್ಲಿದ್ದನು. ಹೊಳೆ ದಾಟಿ ಹೊಸಪೇಟೆಗೆ ಹೋದರೆ ಮದರಾಸು ಆಧಿಪತ್ಯ; ಪಡುವಲಿಗೆ ಗದಗಿಗೆ ಹೋದರೆ ಮುಂಬಯಿ ಆಧಿಪತ್ಯ. ಮನೆಯಲ್ಲಿ ಹಾಲಿ ಸಿಕ್ಕಾ ರೂಪಾಯಿ, ಪೇಟೆಯಲ್ಲಿ ಇಂಗ್ಲಿಷರ ರೂಪಾಯಿ. ಗಡಿಯಲ್ಲಿ ಕರೋಡಗಿರಿಯ ಸುಂಕ. ಮೂರು ಸರ್ಕಾರಗಳ ಲೆಕ್ಕವನ್ನು ಬಲ್ಲ ಈತನಿಗೆ ತನ್ನ ಸರ್ಕಾರವನ್ನು ಲೆಕ್ಕ ಕೇಳುವ ಎಡೆಯಿರಲಿಲ್ಲ. ಹೈದರಾಬಾದಿನಲ್ಲಿ 1893ರಲ್ಲಿ ಸ್ಥಾಪಿತವಾದ ಶಾಸನಸಭೆಯು ಅಧಿಕಾರಿಗಳೇ ಹೆಚ್ಚಾಗಿದ್ದ ಸಭೆ. ಈ ತಾಲ್ಲೂಕುಗಳ ವರ್ತಕನೂ ಕೂಲಿಯೂ ಸಮಾನವಾಗಿ ಮತ ನೀಡಿದುದು 1952ರ ಮಹಾಚುನಾವಣೆಯಲ್ಲಿ. ಆಗ ಕುಷ್ಟಗಿ ಕ್ಷೇತ್ರದಿಂದ ಅಳವಂಡಿ ಶಿವಮೂರ್ತಿಸ್ವಾಮಿಗಳು ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು. 1956ರಲ್ಲಿ ಈ ನಾಡು ಮೈಸೂರು ರಾಜ್ಯವನ್ನು ಸೇರಿತು.

ಹೊಳೆಯ ಎರಡು ದಡಗಳಲ್ಲಿಯೂ ಒಂದೇ ನುಡಿ, ಒಂದೇ ಬರಗಾಲ. ಆದರೂ ಅರಿಕೆಮಾಡಲು ಮೈಸೂರಿನವನಿಗೆ ದೊರೆತ ಎಡೆಗೂ ಕೊಪ್ಪಳದವನಿಗೆ ದೊರೆತ ಮತಕ್ಕೂ ನಡುವೆ 71 ವರ್ಷಗಳು ಕಳೆದವು. ಅಂಗಡಿಯ ಲೆಕ್ಕ ಬಲ್ಲವನು ಬೊಕ್ಕಸದ ಲೆಕ್ಕವನ್ನೂ ಕೇಳಬಲ್ಲನು. ಬುದ್ಧಿ ಆತನಲ್ಲಿ ಮೊದಲಿನಿಂದಲೂ ಇದ್ದಿತು. ತಡವಾಗಿ ಬಂದುದು ಸ್ಥಾನ ಮಾತ್ರ.