ಸಾವಿಗೆ ಕಾರಣ ಬರೆಯುವುದು

2025ರ ಜೂನ್ ತಿಂಗಳು ನಿಮಗೆ ನೆನಪಿರಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಮೇಲಿಂದ ಮೇಲೆ ಒಂದೇ ಸುದ್ದಿ: ಹೃದಯಾಘಾತದಿಂದ ಇನ್ನೊಂದು ಸಾವು. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು.

ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. 24 ಸಾವುಗಳನ್ನು ಬಿಡಿಬಿಡಿಯಾಗಿ ನೋಡಿದಾಗ ನಾಲ್ಕಕ್ಕೆ ಹೃದಯ ಕಾರಣವಾಗಿರಲಿಲ್ಲ. ಒಂದು ಮೂತ್ರಪಿಂಡದ ಕಾಯಿಲೆ, ಒಂದು ವಾಂತಿಭೇದಿ. ಉಳಿದೆರಡು ರೋಗವೇ ಅಲ್ಲ: ಒಂದು ರಸ್ತೆ ಅಪಘಾತ, ಇನ್ನೊಂದು ಬಹುಶಃ ವಿದ್ಯುತ್ ಆಘಾತ. ಆ ‘ಬಹುಶಃ’ ಎಂಬ ಮಾತನ್ನು ಗಮನಿಸಿ. ಹೃದಯದ್ದೆಂದು ಎಣಿಸಿದ 20ರಲ್ಲೂ ಖಚಿತವಾದುವು ಅರ್ಧ ಮಾತ್ರ.

ಈ ತೊಡಕು ಹಳೆಯದು. 1662ರಲ್ಲಿ ಲಂಡನ್ನಿನ ಬಟ್ಟೆ ವ್ಯಾಪಾರಿ ಜಾನ್ ಗ್ರಾಂಟ್ ಆ ನಗರದ ಮರಣಪಟ್ಟಿಗಳನ್ನು ಜೋಡಿಸಿ, ಸಾವನ್ನು ಕಾರಣದ ಪ್ರಕಾರ ಲೆಕ್ಕ ಹಾಕಿದ. ರೋಗಗಳ ಜೊತೆಗೆ ಮುಳುಗಿ ಸತ್ತವರು, ಅವಘಡದಲ್ಲಿ ಸತ್ತವರೂ ಅದರಲ್ಲಿದ್ದರು. ಶವ ನೋಡಿ ಕಾರಣ ಹೇಳುತ್ತಿದ್ದವರು ಅದಕ್ಕೆಂದೇ ನೇಮಕವಾದ ಮುದುಕಿಯರು. ಕೈಗೆ ಕಾಸು ಬಿದ್ದರೆ ಅವರು ನಾಚಿಕೆಯ ಕಾಯಿಲೆಯನ್ನು ಕ್ಷಯವೆಂದು ಬರೆಸುತ್ತಾರೆಂದು ಅವನೇ ದೂರಿದ್ದಾನೆ!

ನಮ್ಮಲ್ಲಿ ಅಸ್ವಾಭಾವಿಕ ಸಾವಿನ ವಿಚಾರಣೆ ಪೊಲೀಸರದು. 1973ರ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮು ಹೇಳುತ್ತದೆ. ಪೊಲೀಸರು ಸ್ಥಳಕ್ಕೆ ಹೋಗಿ, ನೆರೆಹೊರೆಯ ಇಬ್ಬರಾದರೂ ಗೌರವಸ್ಥರ ಎದುರು ಗಾಯಗಳನ್ನು ಗುರುತಿಸಿ ಮಹಜರು ಬರೆಯಬೇಕು. ಆದರೆ ಯಾರಾದರೂ ಠಾಣೆಗೆ ತಿಳಿಸಿದರೆ ತಾನೇ?

ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ 2025ರ ಸೆಪ್ಟೆಂಬರ್ 12ರ ರಾತ್ರಿ ಗಣೇಶನ ಮೆರವಣಿಗೆಗೆ ಲಾರಿ ನುಗ್ಗಿತು. ಸುಮಾರು ಹತ್ತು ಮಂದಿ ಸತ್ತರು; ಅವರಲ್ಲಿ ನಿಮ್ಮಂಥ ವಿದ್ಯಾರ್ಥಿಗಳಿದ್ದರು. ಅಲ್ಲಿ ಕಾರಣವನ್ನು ಊರೇ ಕಂಡಿತ್ತು. ಚಾಲಕರ ಮಾತು ಬಂದಾಗ ಇದನ್ನೂ ಯೋಚಿಸಿ: ಸಮಿತಿ ಎಣಿಸಿದ 20 ಹೃದಯದ ಸಾವುಗಳಲ್ಲಿ ಆರು ಮಂದಿ ವಾಹನ ಚಾಲಕರು. ಗಂಟೆಗಟ್ಟಲೆ ಕುಳಿತೇ ಇರುವುದು, ನಿದ್ದೆಗೇಡು, ಬೀಡಿ, ಕುಡಿತ ಹೃದಯವನ್ನು ಕೆಡಿಸುತ್ತವೆ. ನಿದ್ದೆಗೇಡೂ ಕುಡಿತವೂ ರಸ್ತೆಯಲ್ಲಿ ಇತರರನ್ನೂ ಕೊಲ್ಲುತ್ತವೆ.

ಕಷ್ಟವಿರುವುದು ಯಾರೂ ನೋಡದ ಸಾವಿನಲ್ಲಿ. ತೋಟದ ಪಂಪ್‌ಸೆಟ್ಟಿನ ಬಳಿ ಒಬ್ಬರು ಬಿದ್ದಿದ್ದಾರೆ ಎನ್ನಿ. ವಿದ್ಯುತ್ ತಗುಲಿದ ಗುರುತು ಕೆಲವೊಮ್ಮೆ ಮೈಮೇಲೆ ಕಾಣುವುದೇ ಇಲ್ಲ. ‘ಹೃದಯ ನಿಂತಿತು’ ಎಂದು ಮನೆಯವರು ಸಂಜೆಯೊಳಗೆ ಮಣ್ಣು ಮಾಡಿದರೆ, ಹರಿದ ತಂತಿ ಅಲ್ಲೇ ಉಳಿಯುತ್ತದೆ. ಮರುದಿನ ಮಗ ಅದೇ ಸ್ವಿಚ್ಚಿಗೆ ಕೈ ಹಾಕುತ್ತಾನೆ. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ವರದಿ ಮಾಡಿ ಶವಪರೀಕ್ಷೆ ನಡೆಸಬೇಕೆಂದು ರಾಜ್ಯ ಸರ್ಕಾರ ಆ ಜುಲೈನಲ್ಲೇ ಪ್ರಕಟಿಸಿತು.