ಉತಾರದ ಪುಸ್ತಕದಿಂದ ಸೈಬರ್ ಭದ್ರತೆಯ ಪಾಠದವರೆಗೆ

ಬೇವೂರಿನಂಥ ಊರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ ಸೈಬರ್ ಭದ್ರತೆ ಓದುತ್ತೇನೆ ಅಂದರೆ, ‘ಅದು ಬೆಂಗಳೂರಿನವರ ಓದು, ನಮಗ್ಯಾಕವ್ವಾ’ ಅನ್ನುವವರು ಇರುತ್ತಾರೆ. ಆದರೆ ಈ ವಿದ್ಯೆಯ ಕೆಲಸ ಹಳ್ಳಿಗೆ ಬಂದು 20 ವರ್ಷ ದಾಟಿದೆ. ಬಂದದ್ದು ಮೊಬೈಲಿನಿಂದಲ್ಲ, ಹೊಲದ ಉತಾರದಿಂದ.

ನಮ್ಮ ಭಾಗ ಮುಂಬೈ ಪ್ರಾಂತದಲ್ಲಿದ್ದಾಗ ಊರಿನ ಲೆಕ್ಕ ಕುಲಕರ್ಣಿಯ ಮನೆತನದ ಕೈಯಲ್ಲಿತ್ತು. 1950ರ ಕಾಯ್ದೆ ಆ ವತನ ರದ್ದು ಮಾಡಿತು, ಪುಸ್ತಕ ತಲಾಠಿಗೆ ಹೋಯಿತು. ಪುಸ್ತಕ ಕೈ ಬದಲಿಸಿತೇ ಹೊರತು ರೈತನ ಅಂಜಿಕೆ ಹೋಗಲಿಲ್ಲ. ಉತಾರ ಬೇಕೆಂದರೆ ತಲಾಠಿ ಸಿಗಬೇಕು, ಸಿಕ್ಕರೂ ಕೈ ಬೆಚ್ಚಗೆ ಮಾಡಬೇಕು. ಒಂದು ಹೆಸರಿನ ಮೇಲೆ ಗೀರೆಳೆದು ಇನ್ನೊಂದು ಬರೆದರೆ, ಯಾರು ಬರೆದರು, ಎಂದು ಬರೆದರು ಎಂಬುದಕ್ಕೆ ಸಾಕ್ಷಿ ಹುಡುಕುವುದೇ ಕಷ್ಟ.

2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಕೈ ಹಾಕಿದ್ದು ಇಲ್ಲಿಗೇ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲದಾಯಿತು. ರೈತರ ಕಣ್ಣಿಗೆ ಬಿದ್ದದ್ದು ಇಷ್ಟು. ಕಾಣದೆ ನಡೆದದ್ದು ಇನ್ನೊಂದಿತ್ತು: ದಾಖಲೆ ತೆರೆಯುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಪಾಸ್‌ವರ್ಡ್ ಆದರೆ ಇನ್ನೊಬ್ಬರಿಗೆ ಹೇಳಬಹುದು, ಬೆರಳು ಕೊಡಲಾಗುವುದಿಲ್ಲವಲ್ಲ! ಖಾತೆ ಬದಲಾವಣೆಯ ಆದೇಶವನ್ನೂ ಸ್ಕ್ಯಾನ್ ಮಾಡಿ ಇಡುತ್ತಿದ್ದರು, ನಾಳೆ ‘ನಾನಲ್ಲ’ ಅನ್ನಲು ಬರಬಾರದು ಅಂತ. ಇವತ್ತು ಕಾಲೇಜಿನಲ್ಲಿ ಸೈಬರ್ ಭದ್ರತೆ ಅಂತ ಕಲಿಸುವುದರ ಬೇರು ಇದೇ. ಹಾಗಂತ ಎಲ್ಲ ನೆಟ್ಟಗಾಯಿತು ಅನ್ನಲಾರೆ. ಹಳೇ ಪುಸ್ತಕದಲ್ಲಿದ್ದ ತಪ್ಪು ಕಂಪ್ಯೂಟರಿಗೂ ಹಾಗೇ ಹೋಯಿತು, ತಿದ್ದಿಸಲು ರೈತರು ಇವತ್ತಿಗೂ ಅಲೆಯುತ್ತಾರೆ.

ಅದೇ ಹೊತ್ತಿಗೆ ಕಾನೂನೂ ಬಂತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಯಾಯಿತು. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಠಾಣೆ ತೆರೆಯಿತು. ಆಗ ಇಡೀ ರಾಜ್ಯಕ್ಕೆ ಅದೊಂದೇ. ಈಗ ಬಾಗಲಕೋಟೆಯಲ್ಲೇ ಸಿಇಎನ್ ಠಾಣೆ ಇದೆ. ಓಟಿಪಿ ಕೇಳಿ ದುಡ್ಡು ಎಗರಿಸುವವರು, ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವವರು ಹಳ್ಳಿಯ ನಂಬರಿಗೂ ಫೋನ್ ಮಾಡುತ್ತಾರೆ. ದುಡ್ಡು ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ ತಡೆಯುವ ಅವಕಾಶ ಇರುತ್ತದೆ.

ಇನ್ನು ಓದಿನ ಮಾತು. ಅಮೆರಿಕದಲ್ಲಿ 1901ರಲ್ಲಿ ಜೋಲಿಯೆಟ್ ಊರಿನಲ್ಲಿ ಶುರುವಾದ ಕಮ್ಯೂನಿಟಿ ಕಾಲೇಜಿನ ಕೆಲಸವನ್ನು, ಅಂದರೆ ಮನೆಗೆ ಹತ್ತಿರ, ಕಡಿಮೆ ಖರ್ಚಿನಲ್ಲಿ ಕೈಗೊಂದು ಕಸುಬು ಕೊಡುವುದನ್ನು, ನಮ್ಮಲ್ಲಿ ಪಾಲಿಟೆಕ್ನಿಕ್ ಮಾಡುತ್ತದೆ. ಬಾಗಲಕೋಟೆಗೆ ತಾಂತ್ರಿಕ ಶಿಕ್ಷಣ ಹೊಸದೇನಲ್ಲ. 1906ರಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘ 1963ರಲ್ಲೇ ಇಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದಿತ್ತು, ಸಂಘದ ಪಾಲಿಟೆಕ್ನಿಕ್ ಕೂಡ ಇದೆ. ರಾಜ್ಯದ ಪಾಲಿಟೆಕ್ನಿಕ್‌ಗಳಿಗೆ 2020-21ರಲ್ಲಿ ಬಂದ ಸಿ-20 ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದ ಐದನೇ ಸೆಮಿಸ್ಟರಿಗೆ ಸೈಬರ್ ಭದ್ರತೆಯೂ ಒಂದು ಆಯ್ಕೆಯಾಯಿತು. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಓದು. ಐಟಿಐ ಮುಗಿಸಿದವರು ನೇರ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ.

ಅಲ್ಲಿ ಕಲಿಯುವ ಒಂದು ಕೆಲಸದ ಹೆಸರು ‘ಲಾಗ್’ ಓದುವುದು. ಯಾರು ಒಳಗೆ ಬಂದರು, ಎಷ್ಟು ಹೊತ್ತಿಗೆ, ಏನು ತಿದ್ದಿದರು ಎಂದು ಯಂತ್ರ ಬರೆದಿಟ್ಟ ಪಟ್ಟಿ ಅದು. ಚಾವಡಿ ಮುಂದೆ ಕೂತು ನಮ್ಮ ಅಜ್ಜಂದಿರು ತಲಾಠಿಯನ್ನು ಕೇಳುತ್ತಿದ್ದುದೂ ಇವೇ ಮೂರು ಪ್ರಶ್ನೆ.