ಕೊಟ್ಟಿಗೆಯಿಂದ ಪಂಜರದವರೆಗೆ: ಉತ್ತರ ಬೆಂಗಳೂರಿನಲ್ಲಿ ಪ್ರಾಣಿಗಳ ಹಾಸಿನ ಚರಿತ್ರೆ

ದನ, ಕುದುರೆ, ಕೋಳಿ, ಗಿನಿಯಿಲಿ ಮೊದಲಾದ ಸಾಕುಪ್ರಾಣಿಗಳು ನಿಲ್ಲುವ ಮತ್ತು ಮಲಗುವ ನೆಲದ ಮೇಲೆ ತೇವ ಹೀರಲೆಂದು ಹರಡುವ ಹುಲ್ಲು, ತರಗು, ಹೊಟ್ಟು, ಮರದ ಪುಡಿ ಇತ್ಯಾದಿಗಳನ್ನು ಒಟ್ಟಾರೆ ಹಾಸು ಎಂದು ಕರೆಯಬಹುದು. ಯಲಹಂಕ, ಹೆಬ್ಬಾಳ, ಯಶವಂತಪುರಗಳನ್ನು ಒಳಗೊಂಡ ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಹಾಸು ನೂರು ವರ್ಷಗಳ ಅವಧಿಯಲ್ಲಿ ಹಲವು ಬಾರಿ ಬದಲಾಗಿದೆ. ಆ ಬದಲಾವಣೆಗಳನ್ನು ಗಮನಿಸಿದರೆ, ಯಾವ ಹಾಸು ಉತ್ತಮ ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಅದರ ಮೇಲೆ ಮಲಗುವ ಪ್ರಾಣಿಯ ಸುಖಕ್ಕಿಂತ ಹೆಚ್ಚಾಗಿ, ಒದ್ದೆಯಾದ ಹಾಸು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕಾಚಾರ ಎಂಬುದು ಕಾಣುತ್ತದೆ.

ನಗರ ಬೆಳೆಯುವ ಮೊದಲು ಈ ಪ್ರದೇಶವೆಲ್ಲ ಕೆರೆಗಳ ಕೆಳಗೆ ಒಂದಿಷ್ಟು ಗದ್ದೆ, ಉಳಿದಂತೆ ಮಳೆಯನ್ನೇ ನಂಬಿದ ರಾಗಿಯ ಹೊಲಗಳಿದ್ದ ಸೀಮೆಯಾಗಿತ್ತು. ರಾಗಿ ಹುಲ್ಲು ದನಗಳಿಗೆ ವರ್ಷವಿಡೀ ಬೇಕಾದ ಮೇವಾದ್ದರಿಂದ ಅದನ್ನು ಬಣವೆ ಒಟ್ಟಿ ಕಾಪಾಡುತ್ತಿದ್ದರೇ ಹೊರತು ದನದ ಕಾಲಡಿಗೆ ಹಾಸುವ ದುಂದುಗಾರಿಕೆಯನ್ನು ಯಾವ ಒಕ್ಕಲಿನ ಮನೆಯೂ ಮಾಡುತ್ತಿರಲಿಲ್ಲ. ಗೊಂತಿನಲ್ಲಿ, ಎಂದರೆ ದನ ಕಟ್ಟುವ ಜಾಗದಲ್ಲಿ, ಹಾಸಾಗಿ ಬೀಳುತ್ತಿದ್ದುದು ದನ ತಿಂದು ಬಿಟ್ಟ ದಂಟು, ಮರದಡಿ ಗುಡಿಸಿ ತಂದ ತರಗು, ಮನೆಯ ಕಸ, ಒಲೆಯ ಬೂದಿ ಮತ್ತು ಒಣ ಮಣ್ಣು. ಮಲೆನಾಡಿನ ಅಡಿಕೆ ಸೀಮೆಯಲ್ಲಿ ಸೊಪ್ಪಿನ ಬೆಟ್ಟದಿಂದ ಹೊರೆಹೊರೆಯಾಗಿ ಸೊಪ್ಪು ತಂದು ಕೊಟ್ಟಿಗೆಗೆ ಹಾಕುವ ಅನುಕೂಲ ಈ ಬಯಲಿಗೆ ಇರಲಿಲ್ಲ. ಗಂಜಲ ಹೀರಿದ ಬೂದಿ, ಮಣ್ಣು, ಕಸಗಳು ಬೆಳಗ್ಗೆ ಸಗಣಿಯೊಡನೆ ತಿಪ್ಪೆ ಸೇರಿ, ಮುಂಗಾರಿಗೆ ಮುಂಚೆ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿದ್ದವು. ಈ ವ್ಯವಸ್ಥೆಯಲ್ಲಿ ಹಾಸಿನ ಬೆಲೆ ಆರಂಭವಾಗುತ್ತಿದ್ದುದೇ ಅದು ಕೊಳೆಯಾದ ಮೇಲೆ.

ಈ ರೂಢಿಯ ಹಿಂದಿನ ರಸಾಯನಶಾಸ್ತ್ರ ವ್ಯವಸ್ಥಿತ ಅಧ್ಯಯನದ ವಿಷಯವಾಗಿ ಬೆಳೆದದ್ದೂ ಇದೇ ಪರಿಸರದಲ್ಲಿ. ಮೈಸೂರಿನ ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗ ಕ್ಷೇತ್ರಕ್ಕೆ ಕೊಟ್ಟರು; ಅದರ ಹೊಣೆ ಹೊತ್ತವರು ರಸಾಯನ ವಿಜ್ಞಾನಿ ಡಾ. ಲೇಹ್ಮನ್. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಸಂಸ್ಥಾನದ ಕೃಷಿ ನಿರ್ದೇಶಕರಾದ 1913ರಲ್ಲೇ ಅಲ್ಲಿ ಕೃಷಿ ಶಾಲೆಯೂ ಆರಂಭವಾಯಿತು. ಯಶವಂತಪುರಕ್ಕೆ ಹೊಂದಿಕೊಂಡಂತಿರುವ ಭಾರತೀಯ ವಿಜ್ಞಾನ ಸಂಸ್ಥೆಗೆ 1916ರಲ್ಲಿ ಬಂದ ಗಿಲ್ಬರ್ಟ್ ಫೌಲರ್, ಮ್ಯಾಂಚೆಸ್ಟರಿನಲ್ಲಿ ಚರಂಡಿ ನೀರಿನ ಶುದ್ಧೀಕರಣದಲ್ಲಿ ಹೆಸರು ಮಾಡಿದ್ದವರು, ನಗರದ ಕಸವನ್ನು ಗೊಬ್ಬರವಾಗಿಸುವ ಪ್ರಶ್ನೆಯನ್ನೂ ಕೈಗೆತ್ತಿಕೊಂಡರು. ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ವಿಧಾನಕ್ಕೆ ‘ಬೆಂಗಳೂರು ವಿಧಾನ’ ಎಂಬ ಹೆಸರು ನಿಂತು, ದೇಶದ ಕೃಷಿ ಪಠ್ಯಪುಸ್ತಕಗಳಲ್ಲೆಲ್ಲ ಅದು ಇಂದಿಗೂ ಬರುತ್ತದೆ. ಸುಮಾರು ಮೂರು ಅಡಿ ಆಳದ ಗುಂಡಿಯಲ್ಲಿ ಕಸಕಡ್ಡಿಯ ಒಂದು ಪದರ, ಅದರ ಮೇಲೆ ಸಗಣಿ ಅಥವಾ ಮಲದ ತೆಳುವಾದ ಒಂದು ಪದರ, ಹೀಗೆ ಒಂದರ ಮೇಲೊಂದು ತುಂಬಿ, ಮೇಲೆ ಮಣ್ಣು ಮೆತ್ತಿ, ಮತ್ತೆ ಮಗುಚದೆ ಆರೆಂಟು ತಿಂಗಳು ಬಿಡುವುದು ಅದರ ಕ್ರಮ. ಹುಲ್ಲು, ಎಲೆಗಳಲ್ಲಿ ಇಂಗಾಲ ಹೆಚ್ಚು, ಗಂಜಲ ಸಗಣಿಗಳಲ್ಲಿ ಸಾರಜನಕ ಹೆಚ್ಚು. ದನದ ದೇಹದಿಂದ ಹೊರಬೀಳುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಗಂಜಲದಲ್ಲೇ ಇರುವುದರಿಂದ, ಅದು ಅಮೋನಿಯಾ ಅನಿಲವಾಗಿ ಹಾರಿಹೋಗುವ ಮುನ್ನ ಹಿಡಿದಿಡುವ ಹಾಸು ಇಲ್ಲದಿದ್ದರೆ ಗೊಬ್ಬರ ಸತ್ವ ಕಳೆದುಕೊಳ್ಳುತ್ತದೆ. ಗೊಂತಿಗೆ ತರಗು, ಒಣ ಮಣ್ಣು ಚೆಲ್ಲುತ್ತಿದ್ದ ಒಕ್ಕಲಿಗ ಹೆಂಗಸರ ಬೆಳಗಿನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿರಲಿಲ್ಲ.

ಕುದುರೆಗಳ ಕಥೆ ಚಿಕ್ಕದು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸ್ಮಾರಕ ಇಂದಿನ ಆರ್. ಟಿ. ನಗರಕ್ಕೆ ಸಮೀಪದ ಜೆ. ಸಿ. ನಗರದಲ್ಲಿದೆ. ಲಾಯದ ಹುಲ್ಲುಹಾಸನ್ನು ಬೆಳಗ್ಗೆ ಹೊರಗೆ ತೆಗೆದು, ಒದ್ದೆಯಾದದ್ದನ್ನು ಬೇರ್ಪಡಿಸಿ, ಉಳಿದದ್ದನ್ನು ಬಿಸಿಲಿಗೆ ಒಣಗಿಸಿ ಸಂಜೆ ಮತ್ತೆ ಹರಡುವುದು ಇಂಥ ಅಶ್ವದಳಗಳ ಸಾಮಾನ್ಯ ಶಿಸ್ತು. ಕುದುರೆಯ ಗೊರಸು ತೇವದಲ್ಲಿ ಬೇಗ ಕೆಡುವುದರಿಂದ, ಹಾಸನ್ನು ಪ್ರಾಣಿಯ ಕಾಲಿನ ದೃಷ್ಟಿಯಿಂದ ನೋಡುವ ಅಭ್ಯಾಸ ಕೊಟ್ಟಿಗೆಗಿಂತ ಲಾಯದಲ್ಲಿ ಹೆಚ್ಚಾಗಿತ್ತು.

ಮರದ ಹೊಟ್ಟು, ಎಂದರೆ ಗರಗಸ ಕೊಯ್ದಾಗ ಬೀಳುವ ಪುಡಿ, ಪ್ರಾಣಿಗಳ ಕಾಲಡಿಗೆ ಬಂದದ್ದು ತಡವಾಗಿ. ಸಾಮಿಲ್ಲುಗಳ ಈ ಪುಡಿಗೆ ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಬೇರೊಂದು ಬಳಕೆಯಿತ್ತು: ತಗಡಿನ ಒಲೆಯ ನಡುವೆ ಬಾಟಲಿಯನ್ನೋ ಕೊರಡನ್ನೋ ನಿಲ್ಲಿಸಿ, ಸುತ್ತ ಹೊಟ್ಟನ್ನು ಒತ್ತಿ ತುಂಬಿ, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಮೇಲೆತ್ತಿದರೆ ಉಳಿಯುವ ತೂತಿನ ಬುಡದಲ್ಲಿ ಬೆಂಕಿ ಹಚ್ಚುತ್ತಿದ್ದರು, ಸ್ನಾನದ ನೀರು ಹಂಡೆಯಲ್ಲಿ ಕಾಯುತ್ತಿತ್ತು. ಅಡುಗೆ ಅನಿಲವೂ ವಿದ್ಯುತ್ ಗೀಸರೂ ಬಂದು ಹೊಟ್ಟಿನ ಒಲೆ ಮೂಲೆ ಸೇರಿದ ಕಾಲದಲ್ಲೇ ಕೋಳಿ ಸಾಕಣೆ ಅಂಗಳದಿಂದ ಶೆಡ್ಡಿಗೆ ಬಂದು, ಹೊಟ್ಟಿಗೆ ಹೊಸ ಗಿರಾಕಿ ಸಿಕ್ಕಿತು. ಅಮೆರಿಕದಲ್ಲಿ ಪ್ರಚಾರಕ್ಕೆ ಬಂದ ‘ಡೀಪ್ ಲಿಟರ್’ ಪದ್ಧತಿ, ಎಂದರೆ ಹಾಸನ್ನು ದಿನವೂ ತೆಗೆಯದೆ ತಿಂಗಳುಗಟ್ಟಲೆ ದಪ್ಪವಾಗಲು ಬಿಡುವ ಕ್ರಮ, ಇಲ್ಲಿ ಭತ್ತದ ಹೊಟ್ಟು ಮತ್ತು ಮರದ ಹೊಟ್ಟಿನ ಮೇಲೆ ನಿಂತಿತು. ಎರಡು ಮೂರು ಅಂಗುಲದಿಂದ ಆರಂಭಿಸಿ, ಆಗಾಗ ಕೆದಕಿ, ಬೇಕಾದಾಗ ಸುಣ್ಣದ ಪುಡಿ ಬೆರೆಸಿ, ಮೇಲೆ ಹೊಸ ಹೊಟ್ಟು ಸುರಿಯುತ್ತ ಹೋದರೆ ಹಿಕ್ಕೆ ಅದರೊಳಗೇ ಕೊಳೆತು ಒಣಗುತ್ತದೆ. ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಅದು ಉಂಡೆಗಟ್ಟದೆ ಉದುರಿದರೆ ತೇವ ಹದವಾಗಿದೆ ಎಂದರ್ಥ. 1958ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಇಂಥ ಸಾಕಣೆಯನ್ನು ಕಲಿಸಿತು. ಗಿರಿರಾಜ ಕೋಳಿ ತಳಿ ರೂಪುಗೊಂಡದ್ದೂ ಅಲ್ಲಿಯೇ. ಶೆಡ್ಡಿನ ಹಾಸು ಕೊಟ್ಟಿಗೆಯ ಹಳೆಯ ಲೆಕ್ಕವನ್ನು ಮುರಿಯಲಿಲ್ಲ, ಏಕೆಂದರೆ ಕೋಳಿಗೊಬ್ಬರಕ್ಕೆ ಹೊಲತೋಟಗಳು ಕಾದಿದ್ದವು.

ಆ ಲೆಕ್ಕ ಮುರಿದದ್ದು ಪ್ರಯೋಗಾಲಯದಲ್ಲಿ, ಅದನ್ನು ಮುರಿದ ಪ್ರಾಣಿಗಳಲ್ಲಿ ಗಿನಿಯಿಲಿಯೂ ಒಂದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದಲ್ಲಿ ಸಾವಿರಾರು ವರ್ಷಗಳಿಂದ ಮಾಂಸಕ್ಕಾಗಿ ಅಡುಗೆಮನೆಯ ನೆಲದಲ್ಲೇ ಸಾಕುತ್ತ ಬಂದಿರುವ ಈ ದಂಶಕ, ಎಂದರೆ ಕಡಿಯುವ ಬಾಚಿಹಲ್ಲಿನ ಸಸ್ತನಿ, ಹದಿನಾರನೆಯ ಶತಮಾನದಲ್ಲಿ ಯುರೋಪು ತಲುಪಿತು. ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು ದೃಢಪಡಿಸಿದಾಗ ಬಳಸಿದ್ದು ಇದನ್ನೇ. ಕಾಲುಬಾಯಿ ಜ್ವರದ ವೈರಾಣುವನ್ನು ಗಿನಿಯಿಲಿಯ ಪಾದದ ಚರ್ಮಕ್ಕೆ ಚುಚ್ಚಿ ರೋಗ ಬರಿಸಬಹುದೆಂದು ಜರ್ಮನಿಯಲ್ಲಿ ವಾಲ್ಡ್‌ಮನ್ ಮತ್ತು ಪಾಪೆ 1920ರಲ್ಲಿ ತೋರಿಸಿದರು. ಹೆಬ್ಬಾಳದಲ್ಲಿ 1925ರಲ್ಲಿ ದನಗಳ ದೊಡ್ಡರೋಗಕ್ಕೆ ರಕ್ತಸಾರ ತಯಾರಿಸಲು ಸ್ಥಾಪನೆಯಾದ ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಮುಂದೆ ಇತರ ಲಸಿಕೆಗಳಿಗೂ ಕೈ ಹಾಕಿತು. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಬೆಂಗಳೂರು ಕೇಂದ್ರ ಅದೇ ಹೆಬ್ಬಾಳದಲ್ಲಿ ಕಾಲುಬಾಯಿ ಜ್ವರವನ್ನೇ ಮುಖ್ಯ ವಿಷಯವಾಗಿಸಿಕೊಂಡಿತು. ಚಪ್ಪೆರೋಗದ ಲಸಿಕೆಯ ಶಕ್ತಿಯನ್ನು ಅಳೆಯುವುದೂ ಕಾಲುಬಾಯಿ ಜ್ವರದ ತಳಿ ಗುರುತಿಸುವ ರಕ್ತಸಾರ ಪಡೆಯುವುದೂ ಗಿನಿಯಿಲಿಯಿಂದಲೇ ಆಗಬೇಕಾದ ಕೆಲಸಗಳಾಗಿದ್ದವು. ಪಾದದಲ್ಲಿ ಮೂಡುವ ಗುಳ್ಳೆಯನ್ನೇ ಓದಬೇಕಾದ ಪ್ರಯೋಗದಲ್ಲಿ ಹಾಸು ಒರಟಾಗಿ ಪಾದಕ್ಕೆ ಗಾಯ ಮಾಡಿದರೆ ಫಲಿತಾಂಶವೇ ಹಾಳು.

ಹಾಸಿನ ವಿಜ್ಞಾನದಲ್ಲಿ ದೊಡ್ಡ ತಿರುವು 1967ರಲ್ಲಿ ಬಂತು. ದೇವದಾರಿನ ಬಗೆಯ ಮೆದುಮರಗಳ ಹೊಟ್ಟಿನ ಮೇಲೆ ಸಾಕಿದ ಇಲಿಗಳ ಯಕೃತ್ತಿನಲ್ಲಿ ಔಷಧಿಗಳನ್ನು ಕರಗಿಸುವ ಕಿಣ್ವಗಳು ಹೆಚ್ಚುತ್ತವೆ, ಆದ್ದರಿಂದ ನಿದ್ರೆಯ ಮದ್ದು ಅವುಗಳಲ್ಲಿ ಬೇಗ ಇಳಿಯುತ್ತದೆ ಎಂದು ಎಲಿಯಟ್ ವೆಸೆಲ್ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುವಾಸನೆ ಬೀರುವ ಮರ ಒಳ್ಳೆಯ ಹಾಸೆಂಬ ನಂಬಿಕೆ ಅಲ್ಲಿಗೆ ಕುಸಿಯಿತು. ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ 1998ರಲ್ಲಿ ಪ್ರಯೋಗ ಪ್ರಾಣಿಗಳ ನಿಯಮಗಳು ಬಂದವು. ಆ ನಿಯಮಗಳ ಮೇಲ್ವಿಚಾರಣೆ ನಡೆಸುವ ಸಮಿತಿಯ ಮಾರ್ಗಸೂಚಿ, ಹಾಸು ತೇವ ಹೀರಬೇಕು, ವಿಷಮುಕ್ತವಾಗಿರಬೇಕು, ಪ್ರಾಣಿ ಸುಲಭವಾಗಿ ತಿನ್ನುವಂಥದ್ದಾಗಿರಬಾರದು ಎನ್ನುತ್ತದೆ. ಹೊಲದ ಹೊಟ್ಟು ಇದರಿಂದಾಗಿ ಹಬೆಯೊತ್ತಡದ ಯಂತ್ರದಲ್ಲಿ ಕ್ರಿಮಿಶುದ್ಧಿಯಾಗಿ ಪಂಜರ ಸೇರಬೇಕಾಯಿತು. ರೋಗಾಣು ಸೋಂಕಿದ ಪ್ರಾಣಿಯ ಕೊಳೆ ಹಾಸು ಹೊಲಕ್ಕಲ್ಲ, ಸುಡುವ ಕುಲುಮೆಗೆ ಹೋಗಬೇಕಾಯಿತು.

ಇತ್ತೀಚಿನ ದಶಕಗಳಲ್ಲಿ ಯಲಹಂಕ ಉಪನಗರ, ಸಹಕಾರನಗರ, ಆರ್. ಟಿ. ನಗರಗಳ ಫ್ಲ್ಯಾಟುಗಳಿಗೆ ಗಿನಿಯಿಲಿ ಮಕ್ಕಳ ಮುದ್ದಿನ ಪ್ರಾಣಿಯಾಗಿ ಬಂದಾಗ, ಈ ಹಳೆಯ ಹಾಸುಗಳೆಲ್ಲ ಮತ್ತೊಮ್ಮೆ ಪರೀಕ್ಷೆಗೊಳಗಾದವು. ಅಗ್ಗವಾದ ಭತ್ತದ ಹೊಟ್ಟಿನ ತೂಕದಲ್ಲಿ ಶೇ. 15ರಿಂದ 20ರಷ್ಟು ಸಿಲಿಕಾ, ಎಂದರೆ ಮರಳಿನ ಮೂಲವಸ್ತು, ಇರುವುದರಿಂದ ಅದರ ಅಂಚು ಹರಿತ, ತೇವ ಹೀರುವ ಗುಣವೂ ಕಡಿಮೆ. ಕೋಳಿಯ ಗಟ್ಟಿ ಕಾಲಿಗೆ ಒಗ್ಗುವ ಅದು ಗಿನಿಯಿಲಿಯ ರೋಮವಿಲ್ಲದ ಮೆತ್ತನೆಯ ಅಂಗಾಲಿಗೂ ಕಣ್ಣಿಗೂ ಒಗ್ಗುವುದಿಲ್ಲ. ಸಾಮಿಲ್ಲಿನ ನುಣುಪು ಪುಡಿ ಮೂಗು, ಜನನಾಂಗಗಳಿಗೆ ಮೆತ್ತಿಕೊಳ್ಳುತ್ತದೆ. ಪೀಠೋಪಕರಣದ ಅಂಗಡಿಯ ಹೊಟ್ಟಿನಲ್ಲಿ ಪ್ಲೈವುಡ್ಡಿನ ಅಂಟು ಬೆರೆತಿರುವ ಸಾಧ್ಯತೆಯಿದ್ದು, ಅದು ಖಂಡಿತ ಬೇಡ. ಕೀಸುಳಿ ಹೊಡೆದಾಗ ಬೀಳುವ ದೊಡ್ಡ ಸುರುಳಿಯ, ಧೂಳು ಜರಡಿ ಹಿಡಿದ ಹೊಟ್ಟು ಇವೆಲ್ಲಕ್ಕಿಂತ ಮೇಲು. ತೊಳೆದು ಮರುಬಳಸುವ ಫ್ಲೀಸ್ ಬಟ್ಟೆ ಕೆಳಗೆ ಹೀರುವ ಪದರವಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಅದರ ಮೇಲೂ ಗಿನಿಯಿಲಿಯ ಸುಣ್ಣಾಂಶದ ಮೂತ್ರ ಬಿಳಿ ಕಲೆ ಬಿಡುತ್ತದೆ. ಆಂಡೀಸಿನ ಅಡುಗೆಮನೆಯಂತೆ ತಿನ್ನುವ ಒಣಹುಲ್ಲನ್ನೇ ಹಾಸಿದರೆ ಪ್ರಾಣಿಗೆ ಹಿತವೇ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಇಲ್ಲಿಯ ತೇವದಲ್ಲಿ ಅದು ಬೇಗ ಮುಗ್ಗುತ್ತದೆ, ಬೂಷ್ಟು ಹಿಡಿದ ಹುಲ್ಲು ಶ್ವಾಸಕೋಶಕ್ಕೆ ಕೇಡು.

ಕೋಳಿ ಶೆಡ್ಡುಗಳ ಹಳೆ ಹಾಸನ್ನು ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ, ತರಕಾರಿ ಬೆಳೆಗಾರರು ಹಣ ಕೊಟ್ಟು ಲಾರಿಯಲ್ಲಿ ಒಯ್ಯುತ್ತಾರೆ. ಆರೋಗ್ಯವಂತ ಗಿನಿಯಿಲಿಯ ಮರದ ಹೊಟ್ಟೂ ಹಿಕ್ಕೆಯೂ ಆಚಾರ್ಯರ ಗುಂಡಿಗೆ ಅದಕ್ಕಿಂತ ಕಡಿಮೆ ಯೋಗ್ಯವಲ್ಲ, ಏಕೆಂದರೆ ಶುದ್ಧ ಸಸ್ಯಾಹಾರಿಯ ಹಿಕ್ಕೆ ಸಗಣಿಯಂತೆಯೇ ನಿರಪಾಯಕರ. ಆದರೂ ಆರನೆಯ ಮಹಡಿಯಿಂದ ಕೆಳಗಿಳಿಯುವ ಒಂದು ಚೀಲ ಹೊಟ್ಟು ಹಸಿ ಕಸದ ಬುಟ್ಟಿಗೋ ಒಣ ಕಸದ ಬುಟ್ಟಿಗೋ ಎಂಬ ಜಿಜ್ಞಾಸೆಯಲ್ಲಿ, ಬಹುಪಾಲು ಮನೆಗಳಲ್ಲಿ ಪ್ಲಾಸ್ಟಿಕ್ ಚೀಲದೊಳಗೇ ಗಂಟು ಹಾಕಿಸಿಕೊಂಡು ನಗರಪಾಲಿಕೆಯ ಗಾಡಿ ಹತ್ತುತ್ತದೆ.